ವೆಬ್ ಡಿಸೈನ್, ಪ್ರೋಗ್ರಾಮಿಂಗ್ ಕಲಿಯೋಕೆ ಯಾವ ಪುಸ್ತಕಕ್ಕೆ ದುಡ್ಡು ಹಾಕಬಹುದು?

ಹೊಸ_ಟ್ಯಾಬ್:
ಬಿಸಿಎ ಎರಡನೇ ವರ್ಷ. ಸಿ ಭಾಷೆಯಲ್ಲಿ ಲೂಪ್, ಫಂಕ್ಷನ್, ಅರೇ ತನಕ ಬರುತ್ತೆ, ಪಾಯಿಂಟರ್ ಅಂದ್ರೆ ಇನ್ನೂ ಗೊಂದಲ. ವೆಬ್‌ಸೈಟ್ ಮಾಡೋದನ್ನ ಮೊದಲಿಂದ ಸರಿಯಾಗಿ ಕಲೀಬೇಕು. ಡಿಸೈನೂ ಬೇಕು, ಕೋಡೂ ಬೇಕು. ವಿಡಿಯೋ ನೋಡಿದ್ರೆ ತಲೇಲಿ ನಿಲ್ಲಲ್ಲ, ಪುಸ್ತಕವೇ ಆಗ್ಬೇಕು. ಬಜೆಟ್ 2000 ರೂಪಾಯಿ.

ಅವೆನ್ಯೂ ರೋಡ್‌ನಲ್ಲಿ ಹಳೇ ಪುಸ್ತಕದ ಒಂದು ಕಟ್ಟು ಸಿಗ್ತಿದೆ: ಜಾನ್ ಡಕೆಟ್ ಅವರ ‘ಎಚ್‌ಟಿಎಂಎಲ್ ಅಂಡ್ ಸಿಎಸ್‌ಎಸ್’, ಅವರದ್ದೇ ‘ಜಾವಾಸ್ಕ್ರಿಪ್ಟ್ ಅಂಡ್ ಜೆಕ್ವೆರಿ’, 2009ರಲ್ಲಿ ಅಚ್ಚಾದ ಒಂದು ದಪ್ಪ ಪಿಎಚ್‌ಪಿ–ಮೈಎಸ್‌ಕ್ಯೂಎಲ್ ಪುಸ್ತಕ, ಕ್ರಾಕ್‌ಫರ್ಡ್ ಅವರ ‘ಜಾವಾಸ್ಕ್ರಿಪ್ಟ್: ದ ಗುಡ್ ಪಾರ್ಟ್ಸ್’, ಮತ್ತೆ ಒಂದು ಆಂಗ್ಯುಲರ್‌ಜೆಎಸ್ ಪುಸ್ತಕ. ಐದೂ ಸೇರಿ 900 ಹೇಳ್ತಿದ್ದಾರೆ. ತಗೋಬಹುದಾ?

ಅರ್ಧವಿರಾಮ:
ಕಟ್ಟು ಬೇಡ. ಬಿಡಿಯಾಗಿ ಕೊಟ್ರೆ ಡಕೆಟ್ ಅವರ ಮೊದಲನೇದನ್ನ ಮಾತ್ರ, ಅದೂ 200 ರೂಪಾಯಿ ಒಳಗೆ ಸಿಕ್ಕರೆ ತಗೊಳ್ಳಿ.

ಅದು 2011ರ ಪುಸ್ತಕ. ಟ್ಯಾಗ್, ಫಾರ್ಮ್, ಟೇಬಲ್, ಬಣ್ಣ, ಬಾಕ್ಸ್ ಮಾಡೆಲ್ ಹೇಳೋ ಅಧ್ಯಾಯಗಳಿಗೆ ಇವತ್ತೂ ತೊಂದರೆ ಇಲ್ಲ, ಚಿತ್ರ ಹಾಕಿ ತುಂಬಾ ಚೆನ್ನಾಗಿ ಬಿಡಿಸಿದ್ದಾರೆ. ಲೇಔಟ್ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿ. ಅಲ್ಲಿರೋದೆಲ್ಲ ಫ್ಲೋಟ್ (ಪುಟದ ಭಾಗವನ್ನ ಪಕ್ಕಕ್ಕೆ ತೇಲಿಸಿ ಕಾಲಂ ಮಾಡೋ ಹಳೇ ಉಪಾಯ), 960 ಪಿಕ್ಸೆಲ್ ಅಗಲದ ಪುಟದ ಲೆಕ್ಕ. ಪುಟವನ್ನ ಅಡ್ಡ-ಉದ್ದ ಚೌಕಗಳಾಗಿ ಹಂಚೋ ಸಿಎಸ್‌ಎಸ್ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂದದ್ದು 2017ರ ಮಾರ್ಚ್‌ನಲ್ಲಿ. ಅದಕ್ಕಿಂತ ಹಿಂದಿನ ಯಾವ ಪುಸ್ತಕದ ಲೇಔಟ್ ಪಾಠವೂ ಈಗ ಕಲಿಯೋ ಕ್ರಮದಲ್ಲಿಲ್ಲ. ಫ್ಲ್ಯಾಶ್ (ಪುಟದಲ್ಲಿ ವಿಡಿಯೋ, ಆನಿಮೇಷನ್ ಓಡಿಸ್ತಿದ್ದ ಹಳೇ ಪ್ಲಗಿನ್) ಹಾಕೋದು ಹೇಗೆ ಅಂತಾನೂ ಅದರಲ್ಲಿದೆ. ಫ್ಲ್ಯಾಶ್ 2020ರ ಕೊನೆಗೆ ಸತ್ತಾಯ್ತು.

ಜೆಕ್ವೆರಿ (ಜಾವಾಸ್ಕ್ರಿಪ್ಟ್ ಬರೆಯೋದನ್ನ ಸುಲಭ ಮಾಡೋ ಲೈಬ್ರರಿ) ಪುಸ್ತಕ 2014ರದ್ದು. ಈಗಿನ ಕೋಡ್‌ನಲ್ಲಿ ದಿನಾ ಬಳಸೋ ಲೆಟ್ ಅದರಲ್ಲಿ ಇಲ್ಲ, ಕಾನ್ಸ್ಟ್ ಇಲ್ಲ, ಪ್ರಾಮಿಸ್ ಇಲ್ಲ, ಫೆಚ್ ಇಲ್ಲ. ಜಾವಾಸ್ಕ್ರಿಪ್ಟ್ ಭಾಷೆ ದೊಡ್ಡ ಪ್ರಮಾಣದಲ್ಲಿ ಬದಲಾಗಿದ್ದು 2015ರ ಜೂನ್‌ನಲ್ಲಿ, ಇಎಸ್6 ಅನ್ನೋ ಆವೃತ್ತಿ ಬಂದಾಗ.

ಆಂಗ್ಯುಲರ್‌ಜೆಎಸ್ ಅನ್ನೋದು (ವೆಬ್ ಆಪ್ ಕಟ್ಟೋಕೆ ಮೊದಲೇ ಬರೆದಿಟ್ಟ ಚೌಕಟ್ಟು, ಅಂದ್ರೆ ಫ್ರೇಮ್‌ವರ್ಕ್) ಈಗಿನ ಆಂಗ್ಯುಲರ್ ಅಲ್ಲ. ಹೆಸರು ಮಾತ್ರ ಒಂದೇ ಥರ. 2016ರಲ್ಲಿ ಬಂದ ಎರಡನೇ ಆವೃತ್ತಿಯನ್ನ ಬುಡದಿಂದ ಬೇರೆ ಬರೆದರು, ಹಳೇದಕ್ಕೆ ಬೆಂಬಲ 2021ಕ್ಕೇ ಮುಗೀತು. ಅದನ್ನ ಪುಕ್ಕಟೆ ಕೊಟ್ರೂ ಬೇಡ.

ಪಿಎಚ್‌ಪಿ ಪುಸ್ತಕದ ಬಗ್ಗೆ ಬೇರೆಯವರು ಹೇಳಲಿ, ಅದು ದೊಡ್ಡ ಕಥೆ.

ಸರ್ವರ್_ಮನೆ:
ನಾನು ಹೇಳ್ತೀನಿ. ಆ ಐದರಲ್ಲಿ ಅಪಾಯದ ಪುಸ್ತಕ ಅಂದ್ರೆ ಅದೇ.

ಪಿಎಚ್‌ಪಿ ಅಂದ್ರೆ ಸರ್ವರ್‌ನಲ್ಲಿ ಓಡೋ ಭಾಷೆ, ಮೈಎಸ್‌ಕ್ಯೂಎಲ್ ಅಂದ್ರೆ ಡೇಟಾಬೇಸ್. 2009ರ ಪಿಎಚ್‌ಪಿ ಪುಸ್ತಕದಲ್ಲಿ ಡೇಟಾಬೇಸ್‌ಗೆ ಹೋಗೋದು ಮೈಎಸ್‌ಕ್ಯೂಎಲ್_ಕನೆಕ್ಟ್, ಮೈಎಸ್‌ಕ್ಯೂಎಲ್_ಕ್ವೆರಿ ಅನ್ನೋ ಹಳೇ ಫಂಕ್ಷನ್‌ಗಳಿಂದ. 2013ರ ಪಿಎಚ್‌ಪಿ 5.5ರಲ್ಲಿ ‘ಇವನ್ನ ಬಿಡಿ’ ಅಂತ ಎಚ್ಚರಿಕೆ ಬಂತು, 2015ರ ಕೊನೆಗೆ ಬಂದ 7.0ರಲ್ಲಿ ತೆಗೆದೇ ಹಾಕಿದರು. ಈಗ ಆ ಕೋಡ್ ಓಡಿಸಿದ್ರೆ ‘ಕಾಲ್ ಟು ಅನ್‌ಡಿಫೈನ್ಡ್ ಫಂಕ್ಷನ್’ ಅಂತ ನಿಂತುಬಿಡುತ್ತೆ. ಹೊಸಬರು ಏನ್ ಮಾಡ್ತಾರೆ? ನೆಟ್ ಹುಡುಕಿ ಎಲ್ಲ ಕಡೆ ‘ಮೈಎಸ್‌ಕ್ಯೂಎಲ್‌ಐ’ ಅಂತ ಒಂದು ಅಕ್ಷರ ಸೇರಿಸ್ತಾರೆ. ಆಗ ‘ಎರಡು ಪ್ಯಾರಾಮೀಟರ್ ಬೇಕು, ಒಂದೇ ಕೊಟ್ಟಿದ್ದೀರಿ’ ಅನ್ನುತ್ತೆ, ಯಾಕಂದ್ರೆ ಹೊಸ ಕ್ವೆರಿ ಫಂಕ್ಷನ್‌ಗೆ ಮೊದಲು ಕನೆಕ್ಷನ್ ಕೊಡಬೇಕು. ಅದನ್ನೂ ಸರಿ ಮಾಡಿದ ಮೇಲೆ ಓಡುತ್ತೆ. ಓಡೋದೇ ಸಮಸ್ಯೆ.

ಆ ಕಾಲದ ಉದಾಹರಣೆಗಳಲ್ಲಿ ಫಾರ್ಮ್‌ನಿಂದ ಬಂದ ಹೆಸರನ್ನ ಹಾಗೇ ಕ್ವೆರಿ ವಾಕ್ಯದೊಳಗೆ ಅಂಟಿಸ್ತಾರೆ. ಯಾರಾದ್ರೂ ಒಂದು ಉದ್ಧರಣ ಚಿಹ್ನೆ ಹಾಕಿ ತಮ್ಮದೇ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡೋ ಆಜ್ಞೆ) ತುರುಕಿದ್ರೆ ಇಡೀ ಟೇಬಲ್ ಅವರ ಕೈಗೆ. ಪಾಸ್‌ವರ್ಡ್ ಮುಚ್ಚಿಡೋಕೆ ಎಂಡಿ5 ಅನ್ನೋ ಹಳೇ ಹ್ಯಾಶ್ ಬಳಸ್ತಾರೆ, ಈಗಿನ ಗ್ರಾಫಿಕ್ಸ್ ಕಾರ್ಡ್‌ಗೆ ಅದನ್ನ ಒಡೆಯೋದು ಲೆಕ್ಕಕ್ಕೇ ಇಲ್ಲ. ಬೇಕಾದ್ದು ಪಿಡಿಒ (ಡೇಟಾಬೇಸ್‌ಗೆ ಹೋಗೋ ಈಗಿನ ದಾರಿ), ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಫಾರ್ಮ್‌ನಿಂದ ಬಂದದ್ದನ್ನ ಕ್ವೆರಿಗೆ ಅಂಟಿಸದೆ ಬೇರೆಯಾಗಿ ಕಳಿಸೋದು), ಪಾಸ್‌ವರ್ಡ್_ಹ್ಯಾಶ್, ಪಾಸ್‌ವರ್ಡ್_ವೆರಿಫೈ. ಈ ನಾಲ್ಕೂ ಇಲ್ಲದ ಪಿಎಚ್‌ಪಿ ಪುಸ್ತಕ ಮುಟ್ಟಬೇಡಿ. ಡಕೆಟ್ ಅವರದ್ದೇ ‘ಪಿಎಚ್‌ಪಿ ಅಂಡ್ ಮೈಎಸ್‌ಕ್ಯೂಎಲ್’ 2022ರಲ್ಲಿ ಬಂದಿದೆ, ಪಿಎಚ್‌ಪಿ 8 ಮತ್ತು ಪಿಡಿಒ ಇಟ್ಟುಕೊಂಡೇ ಬರೆದದ್ದು. ‘ಪಿಎಚ್‌ಪಿ: ದ ರೈಟ್ ವೇ’ ಅಂತ ನೆಟ್‌ನಲ್ಲಿ ಉಚಿತವಾಗಿ ಒಂದಿದೆ. ಮೊದಲ ಪಾಠಕ್ಕೆ ಆಗಲ್ಲ, ಹಳೇದು ಯಾವುದು, ಈಗಿನದು ಯಾವುದು ಅಂತ ತಾಳೆ ನೋಡೋಕೆ ಅದಕ್ಕಿಂತ ಒಳ್ಳೇದಿಲ್ಲ.

ಗಿರ್ಮಿಟ್:
ಅಲ್ರೀ, ಸಿ ಅರ್ಧ ಬಿಟ್ಟು ವೆಬ್ಬಿಗೆ ಯಾಕ ಓಡ್ತೀರಿ? ಮೊದ್ಲು ಕಾನೇಟ್ಕರ್ ಅವರ ‘ಲೆಟ್ ಅಸ್ ಸಿ’ ಮುಗಸ್ರಿ, ಆಮ್ಯಾಲ ಕರ್ನಿಗನ್–ರಿಚಿ ಓದ್ರಿ. ಬುನಾದಿ ಗಟ್ಟಿ ಆದ್ರ ಜಾವಾಸ್ಕ್ರಿಪ್ಟ್ ಒಂದ ವಾರದ ಕೆಲಸ.

ಅರ್ಧವಿರಾಮ:
ಒಂದು ವಾರಕ್ಕೆ ಸಿಂಟ್ಯಾಕ್ಸ್ ಬರುತ್ತೆ ಗಿರ್ಮಿಟ್ ಅವರೇ, ಜಾವಾಸ್ಕ್ರಿಪ್ಟ್ ಬರಲ್ಲ. ಅಲ್ಲಿ ತಲೆ ಕೆಡಿಸೋದು ಕ್ಲೋಷರ್ (ಫಂಕ್ಷನ್ ತನ್ನ ಸುತ್ತಲಿನ ವೇರಿಯಬಲ್ ನೆನಪಿಟ್ಟುಕೊಳ್ಳೋದು), ಈವೆಂಟ್, ಅಸಿಂಕ್ (ಉತ್ತರಕ್ಕೆ ಕಾಯದೆ ಮುಂದೆ ಹೋಗೋದು). ಸಿ ಭಾಷೆಯಲ್ಲಿ ಮೂರೂ ಭಾಷೆಯ ಭಾಗವಾಗಿ ಇಲ್ಲ. ಮೆಮೊರಿ ಪಡೆಯೋ, ಬಿಡೋ ಮ್ಯಾಲಕ್, ಫ್ರೀ ಕಲಿತಿದ್ದಕ್ಕೆ ಬ್ರೌಸರ್‌ನಲ್ಲಿ ಕೆಲಸವೂ ಇಲ್ಲ. ಕರ್ನಿಗನ್–ರಿಚಿ ಬಗ್ಗೆ ಗೌರವ ಇದೆ, 1988ರ ಎರಡನೇ ಆವೃತ್ತಿ ಈಗಲೂ ಓದಬಹುದಾದ ಪುಸ್ತಕ. ಆದ್ರೆ ಕೇಳಿದ್ದು ವೆಬ್.

ಗಿರ್ಮಿಟ್:
ಅಲ್ಗಾರಿದಮ್ ಗೊತ್ತಿಲ್ದ ಬಟನ್‌ಗೆ ಬಣ್ಣ ಹಚ್ಚೋದ ಪ್ರೋಗ್ರಾಮಿಂಗ್ ಏನು?

ಗ್ರಿಡ್_ಗೌಡ್ತಿ:
ಬಟನ್‌ಗೆ ಬಣ್ಣ ಹಚ್ಚೋದಕ್ಕೂ ನಿಯಮ ಇದೆ ಸ್ವಾಮಿ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1. ತಿಳಿ ಬೂದು ಮೇಲೆ ಬಿಳಿ ಬರೆದು ‘ಮಿನಿಮಲ್’ ಅನ್ನೋರಲ್ಲಿ ಅಲ್ಗಾರಿದಮ್ ಗೊತ್ತಿರೋರೇ ಹೆಚ್ಚು.

ಕಡಲ_ಕೋಡು:
ಜಗಳ ಆಮೇಲೆ ಮಾಡುವ ಮಾರಾಯ್ರೆ. ಕೇಳಿದವರಿಗೆ ಬೇಕಾದ್ದು ಅಂಗಡಿಯಲ್ಲಿ ನಿಂತು ಪುಸ್ತಕ ನೋಡುವುದು ಹೇಗೆ ಅಂತ. ಐದು ನಿಮಿಷ ಸಾಕು.

ಮೊದಲು ಹಕ್ಕುಸ್ವಾಮ್ಯದ ಪುಟ. ಅಲ್ಲಿ ‘ಮರುಮುದ್ರಣ 2023’ ಅಂತ ಉಂಟಾದರೆ ಖುಷಿಪಡಬೇಡಿ, ಆವೃತ್ತಿ ಯಾವ ವರ್ಷದ್ದು ನೋಡಿ. 2012ರ ಆವೃತ್ತಿಯನ್ನು 2023ರಲ್ಲಿ ಮತ್ತೆ ಅಚ್ಚು ಹಾಕಿದರೆ ಒಳಗಿನ ವಿಷಯ 2012ರದ್ದೇ.

ಆಮೇಲೆ ಹಿಂದಿನ ಪದಸೂಚಿ. ಸಿಎಸ್‌ಎಸ್ ಪುಸ್ತಕವಾದರೆ ಫ್ಲೋಟ್‌ಗೆ ಎಷ್ಟು ಪುಟ, ಗ್ರಿಡ್‌ಗೆ ಎಷ್ಟು ಪುಟ ನೋಡಿ. ಫ್ಲೋಟ್‌ಗೆ ಮೂವತ್ತು, ಗ್ರಿಡ್ ಹೆಸರೇ ಇಲ್ಲ ಅಂದರೆ ವಾಪಸ್ ಇಡಿ. ‘ವ್ಯೂಪೋರ್ಟ್’ ಹುಡುಕಿ. ಆ ಮೆಟಾ ಟ್ಯಾಗ್ ಇಲ್ಲದ ಪುಟವನ್ನು ಫೋನ್ ಸುಮಾರು 980 ಪಿಕ್ಸೆಲ್ ಅಗಲ ಅಂತ ಲೆಕ್ಕ ಹಾಕಿ ಕುಗ್ಗಿಸಿ ತೋರಿಸ್ತದೆ, ಅಕ್ಷರ ಇರುವೆಯಷ್ಟು ಕಾಣ್ತದೆ. ಅದರ ಸುದ್ದಿ ಇಲ್ಲದ ಪುಸ್ತಕ ಫೋನಿನ ಕಾಲಕ್ಕಿಂತ ಹಿಂದಿನದು. ‘ಬಾರ್ಡರ್‌ಬಾಕ್ಸ್’ (ಪ್ಯಾಡಿಂಗನ್ನೂ ಅಗಲದೊಳಗೇ ಲೆಕ್ಕ ಹಾಕುವ ಆಯ್ಕೆ) ಉಂಟಾ? ಅದು ಹೇಳಿಕೊಡದೆ 50 ಶೇಕಡಾದ ಎರಡು ಕಾಲಂ ಪಕ್ಕಪಕ್ಕ ಫ್ಲೋಟ್ ಮಾಡಿಸಿದರೆ, ಒಂದೊಂದು ಬದಿಗೆ 16 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟ ಕೂಡಲೇ ಒಟ್ಟು ಅಗಲ 100 ಶೇಕಡಾ ಮತ್ತು 64 ಪಿಕ್ಸೆಲ್ ಆಗಿ ಎರಡನೆಯ ಕಾಲಂ ಕೆಳಗೆ ಬೀಳ್ತದೆ. ಹೊಸಬರು ಅರ್ಧ ದಿನ ಅಲ್ಲೇ ಕೂರ್ತಾರೆ.

ಜಾವಾಸ್ಕ್ರಿಪ್ಟ್ ಪುಸ್ತಕಕ್ಕೆ ಒಂದೇ ಪರೀಕ್ಷೆ. ಲೂಪಿನೊಳಗೆ ಸೆಟ್‌ಟೈಮ್‌ಔಟ್ (ಸ್ವಲ್ಪ ತಡೆದು ಓಡಿಸುವ ಫಂಕ್ಷನ್) ಇಟ್ಟು 0, 1, 2 ಪ್ರಿಂಟ್ ಮಾಡುವ ಉದಾಹರಣೆ ಸುಮಾರು ಎಲ್ಲ ಪುಸ್ತಕದಲ್ಲಿಯೂ ಇರ್ತದೆ. ಲೂಪಿನ ವೇರಿಯಬಲ್‌ಗೆ ಹಳೆಯ ವಾರ್ ಬಳಸಿದರೆ 3, 3, 3 ಬರ್ತದೆ. ಅದನ್ನು ಸರಿ ಮಾಡ್ಲಿಕ್ಕೆ ಫಂಕ್ಷನ್ ಬರೆದು ಅಲ್ಲೇ ಕರೆಯುವ ಸರ್ಕಸ್ ತೋರಿಸಿದ್ದರೆ ಪುಸ್ತಕ 2015ಕ್ಕಿಂತ ಹಿಂದಿನದು. ‘ಲೆಟ್ ಹಾಕಿ’ ಅಂತ ಒಂದೇ ಸಾಲಲ್ಲಿ ಮುಗಿಸಿ, ಯಾಕೆ ಅಂತ ವಿವರಿಸಿದ್ದರೆ ತಗೊಳ್ಳಿ.

ಅಧ್ಯಾಯದ ಕೊನೆಗೆ ಅಭ್ಯಾಸ ಇಲ್ಲದ ಪುಸ್ತಕ ಕಲಿಯಲಿಕ್ಕೆ ಅಲ್ಲ, ಹುಡುಕಿ ನೋಡಲಿಕ್ಕೆ.

ಹೊಸ_ಟ್ಯಾಬ್:
ಇದು ಸೂಪರ್. ಹಾಗಾದ್ರೆ ಕೊಳ್ಳೋದು ಯಾವುದು? ಹೆಸರು ಹೇಳಿ.

ಗ್ರಿಡ್_ಗೌಡ್ತಿ:
ಸಿಎಸ್‌ಎಸ್‌ಗೆ ಕೀತ್ ಗ್ರಾಂಟ್ ಅವರ ‘ಸಿಎಸ್‌ಎಸ್ ಇನ್ ಡೆಪ್ತ್’. ಮೊದಲ ಆವೃತ್ತಿ 2018, ಎರಡನೇದು 2024. ದುಡ್ಡು ಹಾಕೋದಾದ್ರೆ ಎರಡನೇದಕ್ಕೇ ಹಾಕಿ. ಹೊಸ ಸೌಲಭ್ಯಗಳಲ್ಲಿ ಕಂಟೈನರ್ ಕ್ವೆರಿ ಎಲ್ಲ ಬ್ರೌಸರ್‌ಗೂ ಬಂದದ್ದು 2023ರ ಹೊತ್ತಿಗೆ, ಹ್ಯಾಸ್ ಸೆಲೆಕ್ಟರ್ ಫೈರ್‌ಫಾಕ್ಸ್‌ಗೆ ಬಂದದ್ದು ಅದೇ ವರ್ಷದ ಡಿಸೆಂಬರ್. ಕ್ಯಾಸ್ಕೇಡ್, ಸ್ಪೆಸಿಫಿಸಿಟಿ, ಇನ್ಹೆರಿಟೆನ್ಸ್ (ಯಾವ ನಿಯಮ ಗೆಲ್ಲುತ್ತೆ, ಯಾವುದು ಒಳಗಿನ ಭಾಗಕ್ಕೂ ಇಳಿಯುತ್ತೆ ಅನ್ನೋ ಲೆಕ್ಕ) ಮೊದಲ ಅಧ್ಯಾಯದಲ್ಲೇ ಬರುತ್ತೆ, ಅದೇ ಸರಿಯಾದ ಜಾಗ. ಸಿಎಸ್‌ಎಸ್ ‘ಮಾತು ಕೇಳಲ್ಲ’ ಅಂತ ಬೈಯೋರಿಗೆ ಕೇಳಿ ನೋಡಿ, ಆ ಮೂರರಲ್ಲಿ ಒಂದು ಗೊತ್ತಿರಲ್ಲ. ಅದಕ್ಕೇ ಸಿಕ್ಕಸಿಕ್ಕಲ್ಲಿ ‘ಇಂಪಾರ್ಟೆಂಟ್’ ಹಾಕೋದು.

ಎರಿಕ್ ಮೇಯರ್, ಎಸ್ಟೆಲ್ ವೈಲ್ ಅವರ ‘ಸಿಎಸ್‌ಎಸ್: ದ ಡೆಫಿನಿಟಿವ್ ಗೈಡ್’ ಬೇಡ ಈಗ. 2023ರ ಐದನೇ ಆವೃತ್ತಿ ಸಾವಿರ ಪುಟ ದಾಟಿದೆ. ಪೂರ್ತಿ ಓದೋ ಪುಸ್ತಕ ಅಲ್ಲ ಅದು, ಲೈಬ್ರರಿಯಲ್ಲಿದ್ದರೆ ಸಾಕು.

ಡಿಸೈನ್‌ಗೆ ರಾಬಿನ್ ವಿಲಿಯಮ್ಸ್ ಅವರ ‘ದ ನಾನ್-ಡಿಸೈನರ್ಸ್ ಡಿಸೈನ್ ಬುಕ್’. ಸಿನಿಮಾ ನಟ ಅಲ್ಲ, ಬೇರೆ ರಾಬಿನ್ ವಿಲಿಯಮ್ಸ್. 1994ರಲ್ಲಿ ಮೊದಲು ಬಂತು. ಕಾಂಟ್ರಾಸ್ಟ್, ರಿಪಿಟಿಷನ್, ಅಲೈನ್‌ಮೆಂಟ್, ಪ್ರಾಕ್ಸಿಮಿಟಿ, ಇಷ್ಟೇ ವಿಷಯ. ಯಾವ ಬ್ರೌಸರ್ ಬಂದರೂ ಇದು ಹಳೇದಾಗಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಬೇಕಾದ್ದು ಇಂಥದ್ದನ್ನ. ಸ್ಟೀವ್ ಕ್ರುಗ್ ಅವರ ‘ಡೋಂಟ್ ಮೇಕ್ ಮಿ ಥಿಂಕ್’ ಕೂಡ ಹಾಗೇ. 2000ದಲ್ಲಿ ಬಂದದ್ದು, 2014ರ ಮೂರನೇ ಆವೃತ್ತಿಯಲ್ಲಿ ಮೊಬೈಲ್ ಅಧ್ಯಾಯ ಸೇರಿದೆ. ಇನ್ನೂರು ಪುಟ, ಎರಡು ಬಸ್ ಪ್ರಯಾಣದಲ್ಲಿ ಮುಗಿಯುತ್ತೆ.

ಅರ್ಧವಿರಾಮ:
ಜಾವಾಸ್ಕ್ರಿಪ್ಟ್‌ಗೆ ದುಡ್ಡೇ ಬೇಡ. ಮರೈನ್ ಹಾವರ್‌ಬೆಕೆ ಅವರ ‘ಎಲಕ್ವೆಂಟ್ ಜಾವಾಸ್ಕ್ರಿಪ್ಟ್’ ನಾಲ್ಕನೇ ಆವೃತ್ತಿ 2024ರದ್ದು, ಲೇಖಕರೇ ನೆಟ್‌ನಲ್ಲಿ ಪೂರ್ತಿ ಉಚಿತವಾಗಿ ಇಟ್ಟಿದ್ದಾರೆ, ಕೋಡನ್ನ ಪುಟದಲ್ಲೇ ತಿದ್ದಿ ಓಡಿಸಬಹುದು.

ಟೈಪ್_ಎರರ್:
ಹೊಸಬರಿಗೆ ಎಲಕ್ವೆಂಟ್ ಕೊಡೋದು ಅನ್ಯಾಯ. ಮೊದಲ ಮೂರು ಅಧ್ಯಾಯ ಸಲೀಸು, ನಾಲ್ಕನೇದರಲ್ಲಿ ಆಬ್ಜೆಕ್ಟ್, ಅರೇ ಜೊತೆ ಅಂಕಿಅಂಶದ ಸೂತ್ರ ಬಂದುಬಿಡುತ್ತೆ, ಐದರಲ್ಲಿ ಮ್ಯಾಪ್, ಫಿಲ್ಟರ್, ರೆಡ್ಯೂಸ್ ಒಟ್ಟಿಗೆ. ಅಭ್ಯಾಸಗಳೂ ಪಾಠಕ್ಕಿಂತ ಒಂದು ಮೆಟ್ಟಿಲು ಮೇಲೆ. ಹತ್ತರಲ್ಲಿ ಏಳು ಜನ ಅಲ್ಲೇ ಬಿಡ್ತಾರೆ.

ಅರ್ಧವಿರಾಮ:
ಹತ್ತರಲ್ಲಿ ಏಳು ಅಂತ ಯಾರು ಎಣಿಸಿದ್ದು?

ಟೈಪ್_ಎರರ್:
ಸರಿ, ‘ಬಹಳ ಜನ’ ಅಂತ ಓದ್ಕೊಳ್ಳಿ. ವಿಷಯ ಬದಲಾಗಲ್ಲ. ಜಾವಾಸ್ಕ್ರಿಪ್ಟ್ ಡಾಟ್ ಇನ್ಫೋ ಮೊದಲು ಓದಲಿ. ಅದೂ ಉಚಿತ, ತುಂಡು ತುಂಡು ಪಾಠ, ಬಹಳಷ್ಟು ಪಾಠಕ್ಕೆ ಉತ್ತರ ಸಮೇತ ಅಭ್ಯಾಸ. ಅದರ ಮೊದಲ ಭಾಗದಲ್ಲಿ ಫಂಕ್ಷನ್ ತನಕ ಮುಗಿಸಿ ಎಲಕ್ವೆಂಟ್‌ಗೆ ಬಂದರೆ ನಾಲ್ಕನೇ ಅಧ್ಯಾಯ ಹೆದರಿಸಲ್ಲ. ಪ್ರಾಜೆಕ್ಟ್ ಅಧ್ಯಾಯಗಳು, ಅಂದ್ರೆ ರೋಬೋಟ್, ಪುಟ್ಟ ಪ್ರೋಗ್ರಾಮಿಂಗ್ ಭಾಷೆ, ಪ್ಲಾಟ್‌ಫಾರ್ಮ್ ಗೇಮ್, ಪಿಕ್ಸೆಲ್ ಎಡಿಟರ್, ಅವನ್ನ ಮೊದಲ ಸಲ ಹಾರಿಸಿ ಆಮೇಲೆ ಬನ್ನಿ.

ಫ್ಲಾನಗನ್ ಅವರ ‘ಡೆಫಿನಿಟಿವ್ ಗೈಡ್’ ಏಳನೇ ಆವೃತ್ತಿ 2020ರದ್ದು, ಇಎಸ್2020 ತನಕ ಇದೆ. ಬೇರೆ ಭಾಷೆ ಚೆನ್ನಾಗಿ ಗೊತ್ತಿರೋರಿಗೆ ಅದು. ಆರನೇ ಆವೃತ್ತಿ ಹಳೇ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತೆ, ದಪ್ಪ ನೋಡಿ ಮರುಳಾಗಬೇಡಿ, ಇಎಸ್5 ಕಾಲದ್ದು.

ಗಿರ್ಮಿಟ್:
ಮತ್ತ ಕ್ರಾಕ್‌ಫರ್ಡ್ ಪುಸ್ತಕಕ್ಕ ಏನಾಗೇತ್ರಿ? ಎಲ್ಲಾರೂ ಹೊಗಳ್ತಿದ್ರು.

ಟೈಪ್_ಎರರ್:
2008ರಲ್ಲಿ ಹೊಗಳಬೇಕಾದ ಪುಸ್ತಕವೇ ಆಗಿತ್ತು. ಆಗ ಕ್ಲಾಸ್ ಇರಲಿಲ್ಲ, ಮಾಡ್ಯೂಲ್ ಇರಲಿಲ್ಲ, ಸ್ಟ್ರಿಕ್ಟ್ ಮೋಡ್ ಕೂಡ 2009ರ ಇಎಸ್5ರಲ್ಲಿ ಬಂದದ್ದು. ಭಾಷೆಯಲ್ಲಿ ಏನಿಲ್ಲವೋ ಅದನ್ನ ಫಂಕ್ಷನ್‌ನಿಂದ ಕಟ್ಟಿಕೊಳ್ಳೋ ಉಪಾಯ ಅದರ ಅರ್ಧ ಪುಸ್ತಕ. ಈಗ ಇತಿಹಾಸ ಅಂತ ಓದಬಹುದು. ಎರಡೇ ಸಮಚಿಹ್ನೆಯ ಹೋಲಿಕೆ ಯಾಕೆ ಬೇಡ, ಮೂರು ಯಾಕೆ ಬೇಕು ಅನ್ನೋ ವಾದ ಈಗಲೂ ನಿಜ, ಅಷ್ಟೇ.

ಮೂಲೆಮನೆ:
ಇಷ್ಟೆಲ್ಲ ಯಾಕೆ? ಎಂಡಿಎನ್ (ವೆಬ್ ತಂತ್ರಜ್ಞಾನದ ಉಚಿತ ಕೈಪಿಡಿ ಜಾಲತಾಣ) ಇದೆ, ಎಐ ಇದೆ. ಪುಸ್ತಕ ಕೊಂಡು ಓದೋ ಕಾಲ ಹೋಯ್ತು.

ಸರ್ವರ್_ಮನೆ:
ಎಐ ಹತ್ರ ರಿಯಾಕ್ಟ್ (ಪುಟ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಕೋಡ್ ಕೇಳಿ, ಒಮ್ಮೊಮ್ಮೆ ರಿಯಾಕ್ಟ್‌ಡಾಮ್ ರೆಂಡರ್ ಅಂತಾನೇ ಕೊಡುತ್ತೆ. 2022ರ ರಿಯಾಕ್ಟ್ 18ರಲ್ಲೇ ಅದರ ಜಾಗಕ್ಕೆ ಕ್ರಿಯೇಟ್‌ರೂಟ್ ಬಂತು, 19ರಲ್ಲಿ ಹಳೇದು ತೆಗೆದೇ ಹಾಕಿದ್ದಾರೆ. ಕೊಟ್ಟದ್ದು ಹಳೇದೋ ಹೊಸದೋ ಗುರುತಿಸೋದು ಯಾರು? ಎಂಡಿಎನ್ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಅರ್ಧ ಒಪ್ಪಿಗೆ. ಯಾವ ಪ್ರಾಪರ್ಟಿ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಎಂಡಿಎನ್ ಪುಸ್ತಕಕ್ಕಿಂತ ಮೇಲು, ಯಾವ ಬ್ರೌಸರ್‌ಗೆ ಯಾವಾಗ ಬಂತು ಅಂತ ಕೆಳಗೆ ಪಟ್ಟಿ ಇರುತ್ತೆ. ಆದ್ರೆ ಏನನ್ನ ಯಾವುದಾದ ಮೇಲೆ ಕಲೀಬೇಕು ಅನ್ನೋ ಕ್ರಮ ಪ್ರಾಪರ್ಟಿ ಪಟ್ಟಿಯಿಂದ ಸಿಗಲ್ಲ. ಅದಕ್ಕೇ ಪುಸ್ತಕ.

ಮೂಲೆಮನೆ:
ಎಂಡಿಎನ್‌ನಲ್ಲೇ ಕಲಿಕೆಯ ವಿಭಾಗ ಬೇರೆ ಇದೆಯಲ್ಲ, ಕ್ರಮವಾಗಿ.

ಸರ್ವರ್_ಮನೆ:
ಇದೆ, ಚೆನ್ನಾಗಿಯೂ ಇದೆ. 2000 ರೂಪಾಯಿ ಇಲ್ಲದವರಿಗೆ ಮೊದಲ ಸಲಹೆ ಅದೇ ಆಗಬೇಕು.

ಕಡಲ_ಕೋಡು:
ಫ್ರೇಮ್‌ವರ್ಕ್ ಪುಸ್ತಕದ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ರಿಯಾಕ್ಟ್, ಬೂಟ್‌ಸ್ಟ್ರಾಪ್, ಎಕ್ಸ್‌ಪ್ರೆಸ್, ಮಂಗೂಸ್, ಇವುಗಳ ಅಚ್ಚಾದ ಪುಸ್ತಕ ಕೊಳ್ಳಲೇಬೇಡಿ. ರಿಯಾಕ್ಟ್‌ಗೆ ಹುಕ್ಸ್ ಬಂದದ್ದು 2019ರ ಫೆಬ್ರವರಿ, ಅದರ ಹಿಂದಿನ ಪುಸ್ತಕದಲ್ಲಿ ಎಲ್ಲವೂ ಕ್ಲಾಸ್. ಆಮೇಲಿನ ಪುಸ್ತಕಗಳು ಕ್ರಿಯೇಟ್ ರಿಯಾಕ್ಟ್ ಆಪ್‌ನಿಂದ ಶುರು, ಅದನ್ನೂ 2025ರಲ್ಲಿ ಕೈಬಿಟ್ಟರು. ಬೂಟ್‌ಸ್ಟ್ರಾಪ್ 5 ಬಂದಾಗ ಜೆಕ್ವೆರಿಯೇ ಹೋಯಿತು. ಮಂಗೂಸ್ 7ರಲ್ಲಿ ಕಾಲ್‌ಬ್ಯಾಕ್ ತೆಗೆದರು, ಅದರ ಹಿಂದಿನ ಪುಸ್ತಕದಿಂದ ಫೈಂಡ್ ಬರೆದರೆ ‘ಕಾಲ್‌ಬ್ಯಾಕ್ ತೆಗೆದುಕೊಳ್ಳುವುದಿಲ್ಲ’ ಅಂತ ಬಯ್ತದೆ. ಇಂಥವನ್ನು ಅವರವರ ಅಧಿಕೃತ ಜಾಲತಾಣದಲ್ಲಿಯೇ ಕಲೀಬೇಕು.

ಈಗಾಗಲೇ ಕೈಯಲ್ಲಿ ಅಂಥ ಪುಸ್ತಕ ಇದ್ದವರು ಅದರಿಂದಲೇ ಕಲಿಯುವುದಾದರೆ ಒಂದು ದಾರಿ ಉಂಟು. ಪ್ಯಾಕೇಜ್ ಹೆಸರು ಮಾತ್ರ ಕೊಟ್ಟು ಎನ್‌ಪಿಎಂ (ಪ್ಯಾಕೇಜ್ ತರಿಸುವ ಸಾಧನ) ಇನ್‌ಸ್ಟಾಲ್ ಮಾಡಿದರೆ ಇವತ್ತಿನ ಆವೃತ್ತಿ ಬಂದು ಕೂರ್ತದೆ. ಪುಸ್ತಕದಲ್ಲಿ ಎಕ್ಸ್‌ಪ್ರೆಸ್ 4 ಅಂತ ಇದ್ದರೆ ಹೆಸರಿನ ಕೊನೆಗೆ ‘ಅಟ್ 4’ (@4) ಹಾಕಿ ಅದನ್ನೇ ತರಿಸಿ. ಪುಸ್ತಕದ ಕೋಡ್ ರೆಪೊಸಿಟರಿಯಲ್ಲಿ ಪ್ಯಾಕೇಜ್ ಲಾಕ್ ಫೈಲ್ ಇದ್ದರೆ ‘ಎನ್‌ಪಿಎಂ ಸಿಐ’ ಕೊಡಿ. ವೆಬ್‌ಪ್ಯಾಕ್ 4 (ಕೋಡ್ ಫೈಲುಗಳನ್ನು ಒಟ್ಟು ಕಟ್ಟುವ ಸಾಧನ) ಬಳಸುವ ಪುಸ್ತಕದ ಕೋಡ್, ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 17 ಅಥವಾ ಅದಕ್ಕಿಂತ ಹೊಸದರಲ್ಲಿ ‘ಡಿಜಿಟಲ್ ಎನ್ವಲಪ್ ರುಟೀನ್ಸ್ ಅನ್‌ಸಪೋರ್ಟೆಡ್’ ಅಂತ ಬೀಳ್ತದೆ. ನಿಮ್ಮ ಕೋಡಿನ ತಪ್ಪಲ್ಲ, ನೋಡ್ ಒಳಗಿನ ಓಪನ್‌ಎಸ್‌ಎಸ್‌ಎಲ್ 3ಕ್ಕೆ ಹೋಯಿತು, ಹಳೆಯ ಹ್ಯಾಶ್ ಅದಕ್ಕೆ ಆಗುವುದಿಲ್ಲ.

ಟೈಪ್_ಎರರ್:
ಪುಸ್ತಕದ ಕೋಡ್ ‘ಓಡ್ತಿಲ್ಲ’ ಅನ್ನೋದಕ್ಕೆ ಪುಸ್ತಕವೇ ಕಾರಣ ಆಗಬೇಕಿಲ್ಲ. ಸಾಮಾನ್ಯವಾಗಿ ಆಗೋದು ಇವು:

ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆ ಆಗಿಬಿಟ್ಟಿರುತ್ತೆ, ‘ಇನ್ವ್ಯಾಲಿಡ್ ಆರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಬರುತ್ತೆ. ಕೈಯಾರೆ ಟೈಪ್ ಮಾಡಿ, ಕಲಿಕೆಗೂ ಅದೇ ಒಳ್ಳೇದು.

ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್‌ನಿಂದ ಉಳಿಸಿದ ಫೈಲ್ ಹೆಸರಿನ ಕೊನೆಗೆ ಕಾಣದ ಹಾಗೆ ಟಿಎಕ್ಸ್‌ಟಿ ಸೇರಿಕೊಂಡಿರುತ್ತೆ. ಎಕ್ಸ್‌ಟೆನ್ಷನ್ ತೋರಿಸು ಅನ್ನೋ ಆಯ್ಕೆ ಮೊದಲು ಆನ್ ಮಾಡಿ.

‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’ ಬಂದ್ರೆ ಸ್ಕ್ರಿಪ್ಟ್ ಹೆಡ್‌ನಲ್ಲಿದೆಯಾ ನೋಡಿ. ಬಟನ್ ಹುಟ್ಟೋ ಮೊದಲೇ ಅದನ್ನ ಹುಡುಕಿದ್ರೆ ಸಿಗೋದು ನಲ್. ಸ್ಕ್ರಿಪ್ಟ್ ಟ್ಯಾಗ್‌ಗೆ ಡಿಫರ್ ಹಾಕಿ, ಪುಟ ಓದಿ ಮುಗಿದ ಮೇಲೆ ಓಡುತ್ತೆ.

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದ ಪುಟದಲ್ಲಿ ಮಾಡ್ಯೂಲ್ ಇಂಪೋರ್ಟ್, ಫೆಚ್ ಎರಡೂ ನಡೆಯಲ್ಲ, ಬ್ರೌಸರ್ ತಡೆಯುತ್ತೆ. ಲೋಕಲ್ ಸರ್ವರ್ ಬೇಕು. ಪೈಥಾನ್ ಇದ್ರೆ ಅದರ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಒಂದೇ ಸಾಲು, ಇಲ್ಲಾಂದ್ರೆ ವಿಎಸ್ ಕೋಡ್‌ನ ಲೈವ್ ಸರ್ವರ್ ಎಕ್ಸ್‌ಟೆನ್ಷನ್.

ಮನೇಲಿ ಕಾಣೋ ಚಿತ್ರ ಹೋಸ್ಟಿಂಗ್‌ಗೆ ಹಾಕಿದ ಮೇಲೆ 404? ವಿಂಡೋಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಫೈಲ್ ಹೆಸರೆಲ್ಲ ಚಿಕ್ಕಕ್ಷರ, ಮಧ್ಯೆ ಜಾಗ ಬಿಡದೆ ಇಡಿ.

ನುಡಿಗಟ್ಟು_ನಾಗು:
ಸ್ವಲ್ಪ ದಾರಿ ತಪ್ಪಿಸ್ತೀನಿ. ಕನ್ನಡದಲ್ಲಿ ಸೈಟ್ ಮಾಡೋರಿಗೆ ಈ ಪುಸ್ತಕಗಳು ಸಾಲಲ್ಲ. ಎಲ್ಲವೂ ಇಂಗ್ಲಿಷ್ ಅಕ್ಷರ ಅಂದ್ಕೊಂಡೇ ಬರೆದಿರೋದು.

ಪುಸ್ತಕದಲ್ಲಿರೋ ಲೈನ್‌ಹೈಟ್ 1.2 ಅಥವಾ 1.4 ಇಟ್ರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ತಾಗುತ್ತೆ. ಕನ್ನಡಕ್ಕೆ 1.6ರಿಂದ 1.8 ಇಡಿ. ಒತ್ತು ಕೊಡೋಕೆ ಇಟಾಲಿಕ್ ಹಾಕಬೇಡಿ, ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ಇರಲ್ಲ, ಬ್ರೌಸರ್ ಸುಮ್ಮನೆ ಅಕ್ಷರ ವಾಲಿಸಿ ವಿಕಾರ ಮಾಡುತ್ತೆ. ದಪ್ಪ ಮಾಡಿ ಅಥವಾ ಬಣ್ಣ ಬದಲಿಸಿ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಅಂದ್ರೆ ‘ಕೆಎನ್’ ಅಂತ ಹಾಕಿ, ಇಲ್ಲಾಂದ್ರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲೇ ಓದೋಕೆ ಹೋಗುತ್ತೆ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ, ಎಲ್ಲ ಉಚಿತ.

ಕೋಡ್ ಕಡೆಗೆ ಬಂದ್ರೆ ಇನ್ನೂ ಮಜಾ. ‘ಲಕ್ಷ್ಮೀನಾರಾಯಣ’ ಕಣ್ಣಿಗೆ ಆರು ಅಕ್ಷರ. ಜಾವಾಸ್ಕ್ರಿಪ್ಟ್ ಲೆಂಗ್ತ್ ಕೇಳಿದ್ರೆ 13 ಅನ್ನುತ್ತೆ, ವಿರಾಮ (ಅರ್ಧಾಕ್ಷರದ ‘್’ ಚಿಹ್ನೆ), ಕಾಗುಣಿತ ಎಲ್ಲ ಬೇರೆ ಬೇರೆ ಎಣಿಸುತ್ತೆ. ಪಿಎಚ್‌ಪಿಯ ಸ್ಟ್ರ್‌ಲೆನ್ ಬೈಟ್ ಎಣಿಸಿ 39 ಹೇಳುತ್ತೆ, ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಪುಸ್ತಕ ನೋಡಿ ಹೆಸರಿನ ಇನ್‌ಪುಟ್‌ಗೆ ಮ್ಯಾಕ್ಸ್‌ಲೆಂಗ್ತ್ 20 ಅಂತ ಇಟ್ರೆ ಕನ್ನಡದ ಉದ್ದ ಹೆಸರು ಇನಿಶಿಯಲ್ ಸಮೇತ ಹಿಡಿಸದೇ ಹೋಗಬಹುದು.

ಸರ್ವರ್_ಮನೆ:
ಸ್ಟ್ರ್‌ಲೆನ್ ಬದಲು ಎಂಬಿ_ಸ್ಟ್ರ್‌ಲೆನ್ ಬಳಸಿದ್ರೆ 13 ಬರುತ್ತೆ, ಅಷ್ಟರ ಮಟ್ಟಿಗೆ ಎರಡೂ ಕಡೆ ಹೊಂದುತ್ತೆ. ಡೇಟಾಬೇಸ್ ಟೇಬಲ್ ಯುಟಿಎಫ್8ಎಂಬಿ4 ಇರಲಿ. ಹಳೇ ಪುಸ್ತಕಗಳಲ್ಲಿ ಲ್ಯಾಟಿನ್1 ಅಂತ ಇರುತ್ತೆ, ಅದರಲ್ಲಿ ಕನ್ನಡ ಉಳಿಸೋಕೆ ಹೋದ್ರೆ ಎರರ್ ಬರುತ್ತೆ, ಇಲ್ಲಾಂದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಸಾಲುಗಟ್ಟಿ ಕೂತಿರುತ್ತೆ, ಮತ್ತೆ ವಾಪಸ್ ತರೋಕಾಗಲ್ಲ. ಕನ್ನಡಕ್ಕೆ ಹಳೇ ಯುಟಿಎಫ್8 ಸಾಕು, ಎಮೋಜಿ ಬಂದ ತಕ್ಷಣ ಕೈಕೊಡುತ್ತೆ.

ಕಡಲ_ಕೋಡು:
ರೆಗ್ಯುಲರ್ ಎಕ್ಸ್‌ಪ್ರೆಶನ್ (ಬರಹ ಒಂದು ಮಾದರಿಗೆ ಹೊಂದುತ್ತದಾ ಅಂತ ನೋಡುವ ಸೂತ್ರ) ಬಿಟ್ಟುಬಿಟ್ಟಿರಿ. ಹೆಸರಲ್ಲಿ ಇಂಗ್ಲಿಷ್‌ನ ಎ ಇಂದ ಝಡ್ ಮಾತ್ರ ಅಂತ ಪುಸ್ತಕದಲ್ಲಿ ಇರುವ ಪ್ಯಾಟರ್ನ್ ಹಾಕಿದರೆ ಕನ್ನಡ ಹೆಸರಿಗೆ ಬಾಗಿಲು ಮುಚ್ಚಿತು. ಯೂನಿಕೋಡ್‌ನ ‘ಲೆಟರ್’ ವರ್ಗ ಹಾಕಿದರೂ ಸಾಲದು, ಕಾಗುಣಿತದ ಚಿಹ್ನೆ ಮತ್ತು ವಿರಾಮ ‘ಮಾರ್ಕ್’ ವರ್ಗಕ್ಕೆ ಸೇರ್ತವೆ. ಎರಡೂ ವರ್ಗ ಬೇಕು, ಯು ಫ್ಲ್ಯಾಗ್ ಕೂಡ.

ನುಡಿಗಟ್ಟು_ನಾಗು:
ಸರಿಯಾದ ಮಾತು. ಇನ್ನು ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಪೇಸ್ಟ್ ಮಾಡಿದ್ರೆ ಪುಟದಲ್ಲಿ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಹೊಸ_ಟ್ಯಾಬ್:
ಸಿಎಸ್‌ಎಸ್ ಇನ್ ಡೆಪ್ತ್ ಇಲ್ಲಿ ಹೊಸದು ದುಬಾರಿ ತೋರಿಸ್ತಿದೆ. ಕೆಲವು ಪುಸ್ತಕಕ್ಕೆ ‘ಗ್ರೇಸ್ಕೇಲ್ ಇಂಡಿಯನ್ ಎಡಿಷನ್’ ಅಂತ ಕಮ್ಮಿ ಬೆಲೆಗೆ ಇದೆ. ಅದು ತಗೋಬಹುದಾ? ಕಾಲೇಜಿನ ಪಠ್ಯ ಸೆಬೆಸ್ಟಾ ಪುಸ್ತಕ ಲೈಬ್ರರಿಯಲ್ಲಿದೆ, ಅದು ಸಾಕಾ?

ಗ್ರಿಡ್_ಗೌಡ್ತಿ:
ಗ್ರೇಸ್ಕೇಲ್ ಅಂದ್ರೆ ಒಳಗೆ ಪೂರ್ತಿ ಕಪ್ಪು ಬಿಳುಪು. ಜಾವಾಸ್ಕ್ರಿಪ್ಟ್, ಪೈಥಾನ್, ಎಸ್‌ಕ್ಯೂಎಲ್ ಪುಸ್ತಕಕ್ಕೆ ಪರವಾಗಿಲ್ಲ, ಕೋಡ್‌ನ ಬಣ್ಣ ಹೋಗುತ್ತೆ ಅಷ್ಟೇ. ಡಿಸೈನ್ ಪುಸ್ತಕಕ್ಕೆ ಬೇಡ. ಬಣ್ಣದ ಅಧ್ಯಾಯದಲ್ಲಿ ‘ಕೆಂಪು ಬಟನ್, ಹಸಿರು ಬಟನ್ ವ್ಯತ್ಯಾಸ ನೋಡಿ’ ಅಂತ ಎರಡು ಬೂದು ಚೌಕ ಇರುತ್ತೆ.

ಅರ್ಧವಿರಾಮ:
ಸೆಬೆಸ್ಟಾ ಪರೀಕ್ಷೆಗೆ. ಜಾವಾ ಆಪ್ಲೆಟ್, ಪರ್ಲ್, ಎಕ್ಸ್‌ಎಸ್‌ಎಲ್‌ಟಿ ಯಾವ ಆವೃತ್ತಿಯಲ್ಲಿ ಎಷ್ಟಿದೆ ನೋಡ್ಕೊಂಡು ಸಿಲಬಸ್‌ನಲ್ಲಿ ಇರೋದನ್ನ ಓದಿ. ಎಚ್‌ಟಿಟಿಪಿ ಪರಿಚಯ ಇರೋ ಮೊದಲ ಅಧ್ಯಾಯ ಮಾತ್ರ ಪರೀಕ್ಷೆ ಇಲ್ಲದಿದ್ರೂ ಓದಬಹುದು.

2000ಕ್ಕೆ ನನ್ನ ಲೆಕ್ಕ: ಸಿಎಸ್‌ಎಸ್ ಇನ್ ಡೆಪ್ತ್ ಇ-ಪುಸ್ತಕ, ಅದರ ಪ್ರಕಾಶಕರಾದ ಮ್ಯಾನಿಂಗ್‌ನವರು ಆಗಾಗ ಅರ್ಧ ಬೆಲೆ ಮಾಡ್ತಾರೆ, ಕಾಯಿರಿ. ಕ್ರುಗ್ ಮೂರನೇ ಆವೃತ್ತಿ, ರಾಬಿನ್ ವಿಲಿಯಮ್ಸ್, ಎರಡೂ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿ. ಜಾವಾಸ್ಕ್ರಿಪ್ಟ್ ಉಚಿತ. ಕೋಡಿನ ಬದಲಾವಣೆ ದಾಖಲಿಸಿಡೋ ಗಿಟ್‌ಗೆ ‘ಪ್ರೊ ಗಿಟ್’ ಉಚಿತ, ಮೊದಲ ಮೂರು ಅಧ್ಯಾಯ ಸಾಕು. ಪಿಎಚ್‌ಪಿ ಬೇಕೋ ನೋಡ್ ಬೇಕೋ ಅನ್ನೋದು ಮೂರು ತಿಂಗಳಾದ ಮೇಲಿನ ಪ್ರಶ್ನೆ, ಈಗ ಅದಕ್ಕೆ ಪೈಸೆ ತೆಗೆಯಬೇಡಿ.

ಗ್ರಿಡ್_ಗೌಡ್ತಿ:
ಓದೋ ವಿಧಾನವನ್ನೂ ಸೇರಿಸಿ. ಒಂದು ಗಂಟೆ ಓದಿದ್ರೆ ಎರಡು ಗಂಟೆ ಕೀಬೋರ್ಡ್. ಉದಾಹರಣೆ ಓಡಿಸೋ ಮೊದಲು ಪರದೆ ಮೇಲೆ ಏನು ಕಾಣುತ್ತೆ ಅಂತ ಕಾಗದದಲ್ಲಿ ಗೀಚಿ, ಆಮೇಲೆ ಓಡಿಸಿ. ಓಡಿದ ಮೇಲೆ ಒಂದು ಬೆಲೆ ಬದಲಿಸಿ ಕೆಡಿಸಿ ನೋಡಿ. ಲೇಔಟ್ ಅಭ್ಯಾಸಕ್ಕೆ ಯಾವುದಾದ್ರೂ ಸುದ್ದಿ ಪುಟ ತಗೊಂಡು ಬರೀ ಬೂದು ಬಣ್ಣದಲ್ಲಿ, 320 ಪಿಕ್ಸೆಲ್ ಅಗಲದಿಂದ ಶುರು ಮಾಡಿ ಮತ್ತೆ ಕಟ್ಟಿ. ಜಾಗ ಬಿಡೋಕೆ 4, 8, 16, 24, 32, 64 ಇಷ್ಟೇ ಅಳತೆ, ಒಂದು ಫಾಂಟ್, ಎರಡು ದಪ್ಪ. ಬಣ್ಣ ಕೊನೆಗೆ.

ಗಿರ್ಮಿಟ್:
ಎಲ್ಲಾ ಖರೆ, ಆದ್ರ ಹಳೇ ‘ಲೆಟ್ ಅಸ್ ಸಿ’ ಹಿಡಕೊಂಡು ಟರ್ಬೊ ಸಿ ಒಳಗ ಬರೆಯೋರಿಗೆ ಒಂದ ಮಾತು. ಕೊನಿಯೊ ಹೆಡರ್, ಕ್ಲಿಯರ್‌ಸ್ಕ್ರೀನ್ ಫಂಕ್ಷನ್ ಲಿನಕ್ಸ್‌ನ್ಯಾಗ ಜಿಸಿಸಿ ಒಳಗ ನಡಿಯಂಗಿಲ್ಲ. ತೆಗದು ಹಾಕಿ ಮೇನ್‌ಗೆ ಇಂಟ್ ಕೊಡ್ರಿ.

ಟೈಪ್_ಎರರ್:
ಅಂತೂ ಸಿ ಬಿಡಲ್ಲ ನೀವು.

ನುಡಿಗಟ್ಟು_ನಾಗು:
ಹೊಸ_ಟ್ಯಾಬ್, ಸೈಟ್‌ನಲ್ಲಿ ಹುಡುಕಾಟ ಇಡೋದಾದ್ರೆ ಇನ್ನೊಂದು. ‘ಎಚ್‌ಟಿಎಂಎಲ್’ ಅಂತ ಬರೆಯುವಾಗ ‘ಚ್’ ಆದ ಮೇಲೆ ಕಾಣದ ಒಂದು ಚಿಹ್ನೆ ಇರುತ್ತೆ, ಟ ಒತ್ತಾಗದೆ ಬಿಡಿಯಾಗಿ ನಿಲ್ಲಲಿ ಅಂತ. ಒಬ್ಬರು ಅದನ್ನ ಹಾಕಿ ಬರೀತಾರೆ, ಇನ್ನೊಬ್ಬರು ಹಾಕದೆ ಹುಡುಕ್ತಾರೆ, ಸ್ಟ್ರಿಂಗ್ ಹೊಂದಲ್ಲ, ‘ಫಲಿತಾಂಶ ಇಲ್ಲ’ ಅಂತ ಬರುತ್ತೆ. ಹುಡುಕೋ ಮೊದಲು ಎರಡೂ ಕಡೆ ಆ ಚಿಹ್ನೆ ತೆಗೆದು, ನಾರ್ಮಲೈಸ್ ಫಂಕ್ಷನ್‌ನಿಂದ ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತನ್ನಿ. ‘ಕೋ’ ಥರದ ಅಕ್ಷರದ ಕಾಗುಣಿತವನ್ನ ಒಂದೇ ಚಿಹ್ನೆಯಾಗಿಯೂ ಬರೀಬಹುದು, ಬಿಡಿ ಚಿಹ್ನೆ ಜೋಡಿಸಿಯೂ ಬರೀಬಹುದು, ಕಣ್ಣಿಗೆ ಎರಡೂ ಒಂದೇ.

ಹೊಸ_ಟ್ಯಾಬ್:
ತೆಗೆದದ್ದನ್ನ ಡೇಟಾಬೇಸ್‌ನಲ್ಲೇ ಉಳಿಸಿದ್ರೆ ಪುಟದಲ್ಲಿ ತಪ್ಪಾಗಿ ಕಾಣಲ್ವಾ?

ನುಡಿಗಟ್ಟು_ನಾಗು:
ಕಾಣುತ್ತೆ, ಟ ಒತ್ತಾಗಿಬಿಡುತ್ತೆ. ಅದಕ್ಕೆ ಮೂಲ ಬರಹ ಒಂದು ಕಾಲಂ, ಹುಡುಕೋಕೆ ಶುದ್ಧ ಮಾಡಿದ್ದು ಇನ್ನೊಂದು ಕಾಲಂ. ಇಂಡೆಕ್ಸ್ ಎರಡನೇದಕ್ಕೆ ಹಾಕಿ.